ಚೀನಾದ ಅಂತಿಮಕಾಲದ ಆರೈಕೆಯಲ್ಲಿ ಮುಂಗಡ ನಿರ್ದೇಶನ

ಪ್ರಜ್ಞೆ ತಪ್ಪಿ ಇಚ್ಛೆಯನ್ನು ತಿಳಿಸಲಾಗದ ಸ್ಥಿತಿ ಬಂದಾಗ ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂಬುದನ್ನು ವ್ಯಕ್ತಿಯೊಬ್ಬ ಬುದ್ಧಿ ಸ್ವಾಧೀನದಲ್ಲಿರುವಾಗಲೇ ಬರೆದಿಡುವ ಪತ್ರಕ್ಕೆ ಮುಂಗಡ ವೈದ್ಯಕೀಯ ನಿರ್ದೇಶನ ಅಥವಾ ಜೀವಂತ ಉಯಿಲು ಎಂದು ಹೆಸರು. ಚೀನಾದಲ್ಲಿ ಈ ಪತ್ರಕ್ಕೆ ಎದುರಾಗುವ ದೊಡ್ಡ ತೊಡಕೆಂದರೆ, ಕಾಯಿಲೆ ಒಬ್ಬರದಾದರೂ ಅದರ ಕುರಿತ ತೀರ್ಮಾನ ಇಡೀ ಮನೆಯದು ಎಂಬ ಆಳವಾದ ನಂಬಿಕೆ.

ಈ ನಂಬಿಕೆಯ ಬೇರು ಕನ್ಫ್ಯೂಷಿಯಸ್ ಪರಂಪರೆಯ ‘ಶಿಯಾವ್’ನಲ್ಲಿದೆ. ಹೆತ್ತವರನ್ನು ಗೌರವದಿಂದ ನೋಡಿಕೊಳ್ಳುವ, ಅವರ ಪ್ರಾಣ ಉಳಿಸಲು ಕೈಲಾದುದನ್ನೆಲ್ಲ ಮಾಡುವ ಮಕ್ಕಳ ಧರ್ಮವಿದು. ಕೃತಕ ಉಸಿರಾಟದ ಯಂತ್ರವನ್ನು ಬೇಡವೆಂದ ಮಗನನ್ನು ಬಂಧುಬಳಗ ಕೃತಘ್ನನೆಂದು ದೂರಬಹುದಾದ್ದರಿಂದ, ಪ್ರಯೋಜನವಿಲ್ಲವೆಂದು ತಿಳಿದಿದ್ದರೂ ಚಿಕಿತ್ಸೆ ಮುಂದುವರಿಸುವ ಮಕ್ಕಳು ಅನೇಕರು. ಕ್ಯಾನ್ಸರಿನಂಥ ರೋಗ ಪತ್ತೆಯಾದಾಗ ವೈದ್ಯರು ಮೊದಲು ಮಕ್ಕಳನ್ನು ಹೊರಗೆ ಕರೆದು ವಿಷಯ ತಿಳಿಸುವುದು, ರೋಗಿಯ ಮುಂದೆ ಹುಣ್ಣು, ಉರಿಯೂತ ಎಂದು ಹೇಳಿ ಸಮಾಧಾನಪಡಿಸುವುದು, ಒಪ್ಪಿಗೆ ಪತ್ರಕ್ಕೆ ಮನೆಯವರಿಂದ ಸಹಿ ಪಡೆಯುವುದು ಬಹುಕಾಲದಿಂದ ನಡೆದುಬಂದಿದೆ. 2021ರಲ್ಲಿ ಜಾರಿಗೆ ಬಂದ ನಾಗರಿಕ ಸಂಹಿತೆಯ 1219ನೆಯ ವಿಧಿ ರೋಗಿಗೇ ವಿವರಿಸಬೇಕೆಂದು ವಿಧಿಸಿದರೂ, ಅದು ಸಾಧ್ಯವಿಲ್ಲದಾಗ ಅಥವಾ ಉಚಿತವಲ್ಲದಾಗ ಹತ್ತಿರದ ಬಂಧುಗಳ ಒಪ್ಪಿಗೆ ಸಾಕೆನ್ನುತ್ತದೆ. ‘ಉಚಿತವಲ್ಲ’ ಎಂಬ ಈ ಅವಕಾಶದಲ್ಲಿ ಹಳೆಯ ರೂಢಿಗೆ ಸಾಕಷ್ಟು ಎಡೆ ಸಿಕ್ಕಿದೆ. ಬಂಧುಗಳ ಗಲಾಟೆ, ಮೊಕದ್ದಮೆಗಳಿಗೆ ಅಂಜುವ ವೈದ್ಯರೂ ರೋಗಿ ಬರೆದಿಟ್ಟ ಮಾತಿಗಿಂತ ಎದುರಿಗೆ ನಿಂತ ಮನೆಯವರ ಮಾತಿಗೇ ಮಣಿಯುವುದುಂಟು. ಸಾವಿನ ಮಾತೆತ್ತುವುದೇ ಅಶುಭವೆಂಬ ಭಾವನೆ ಇದರ ಜೊತೆಗೆ ಸೇರುತ್ತದೆ.

ಕಾದಂಬರಿಕಾರ ಬಾ ಜಿನ್ ಅವರ ಕೊನೆಯ ವರ್ಷಗಳು ಈ ಪ್ರಶ್ನೆಯನ್ನು ಸಾರ್ವಜನಿಕ ಚರ್ಚೆಗೆ ತಂದವು. 2005ರಲ್ಲಿ ತೀರಿಕೊಳ್ಳುವ ಮುನ್ನ ಅವರು ಶಾಂಘೈನ ಆಸ್ಪತ್ರೆಯಲ್ಲಿ ಆರು ವರ್ಷಗಳಷ್ಟು ಕಾಲ ಮಾತಿಲ್ಲದೆ, ನಳಿಕೆಗಳ ಆಸರೆಯಲ್ಲಿ ಮಲಗಿದ್ದರು. ಚಿಕಿತ್ಸೆ ನಿಲ್ಲಿಸಬೇಕೆಂಬ ಅವರ ಬಯಕೆ ನೆರವೇರಲಿಲ್ಲವೆಂಬ ವರದಿಗಳು ಓದುಗರನ್ನು ಕಲಕಿದವು. ಮರುವರ್ಷ, ಜನರಲ್ ಲುವೊ ರುಯ್‌ಚಿಂಗ್ ಅವರ ಮಗಳು ಲುವೊ ದಿಯೆನ್‌ದಿಯೆನ್ ಮತ್ತು ಸಂಗಡಿಗರು ‘ಆಯ್ಕೆ ಮತ್ತು ಘನತೆ’ ಎಂಬ ಜಾಲತಾಣವನ್ನು ಆರಂಭಿಸಿದರು. ಇದೇ ಬಳಗದ ಪ್ರಯತ್ನದಿಂದ 2013ರಲ್ಲಿ ಬೀಜಿಂಗ್ ಜೀವಂತ ಉಯಿಲು ಪ್ರಸಾರ ಸಂಘ ಸ್ಥಾಪನೆಯಾಯಿತು. ಅಮೆರಿಕದ ಮಾದರಿಯೊಂದನ್ನು ಚೀನಾಕ್ಕೆ ಒಗ್ಗಿಸಿ ಅವರು ಪ್ರಚಾರಕ್ಕೆ ತಂದ ‘ನನ್ನ ಐದು ಇಚ್ಛೆಗಳು’ ಎಂಬ ನಮೂನೆಯಲ್ಲಿ ಜೀವರಕ್ಷಕ ಯಂತ್ರಗಳು ಬೇಕೇ ಬೇಡವೇ ಎಂಬುದರ ಜೊತೆಗೆ, ಇತರರು ತನ್ನನ್ನು ಹೇಗೆ ನಡೆಸಿಕೊಳ್ಳಬೇಕು, ಮನೆಯವರಿಗೂ ಗೆಳೆಯರಿಗೂ ಏನು ತಿಳಿದಿರಬೇಕು ಎಂಬುದನ್ನೂ ಬರೆಯಬಹುದು. ಮನೆಯವರೊಡನೆ ಮಾತಿಗೆ ದಾರಿ ಮಾಡಿಕೊಡುವ ಈ ಭಾಗವೇ ಚೀನಾದ ಸಂದರ್ಭದಲ್ಲಿ ಹೆಚ್ಚು ಬೆಲೆಯುಳ್ಳದ್ದು.

ಚೀನಾದ ಮುಖ್ಯ ಭೂಭಾಗದಲ್ಲಿ ಇಂಥ ಪತ್ರಕ್ಕೆ ಮೊದಲು ಕಾನೂನಿನ ಮನ್ನಣೆ ಕೊಟ್ಟ ನಗರ ಷೆನ್‌ಜೆನ್. 2022ರ ಜೂನ್‌ನಲ್ಲಿ ತಿದ್ದುಪಡಿಯಾಗಿ 2023ರ ಜನವರಿ 1ರಂದು ಜಾರಿಗೆ ಬಂದ ಅಲ್ಲಿಯ ವೈದ್ಯಕೀಯ ನಿಯಮಾವಳಿಯ 78ನೆಯ ವಿಧಿಯಂತೆ, ಗುಣವಾಗದ ರೋಗದ ಕೊನೆಯ ಘಟ್ಟದಲ್ಲಿ ಶ್ವಾಸನಾಳಕ್ಕೆ ನಳಿಕೆ ಹಾಕುವುದು, ಹೃದಯ ಪುನಶ್ಚೇತನ ಮೊದಲಾದವು ಬೇಡವೆಂದು ರೋಗಿ ಬರೆದಿದ್ದರೆ ಆಸ್ಪತ್ರೆ ಅದನ್ನು ಗೌರವಿಸಬೇಕು. ಪತ್ರ ನೋಟರಿಯಿಂದ ದೃಢೀಕೃತವಾಗಿರಬೇಕು ಅಥವಾ ಕನಿಷ್ಠ ಇಬ್ಬರು ಸಾಕ್ಷಿಗಳ ಎದುರು ಆಗಿರಬೇಕು. ಚಿಕಿತ್ಸೆ ನೀಡುವ ಸಿಬ್ಬಂದಿ ಸಾಕ್ಷಿಯಾಗುವಂತಿಲ್ಲ. ಇದನ್ನು ದಯಾಮರಣವೆಂದು ತಪ್ಪಾಗಿ ತಿಳಿಯುವವರಿದ್ದಾರೆ. ಇಲ್ಲಿ ಸಾವನ್ನು ಬರಮಾಡಿಕೊಳ್ಳುವ ಮಾತಿಲ್ಲ, ನೋವಿನ ಶಮನವೂ ನಿಲ್ಲುವುದಿಲ್ಲ.

ತೈವಾನ್ 2000ದಲ್ಲೇ ಉಪಶಾಮಕ ಆರೈಕೆಯ ಕಾಯಿದೆ ತಂದಿತು. 2019ರಲ್ಲಿ ಜಾರಿಯಾದ ಅಲ್ಲಿಯ ರೋಗಿ ಸ್ವಾಯತ್ತತೆಯ ಕಾಯಿದೆ, ನಿರ್ದೇಶನ ಬರೆಯುವ ಮುನ್ನ ವೈದ್ಯಕೀಯ ತಂಡದೊಡನೆ ಸಮಾಲೋಚನೆ ನಡೆಯಬೇಕೆಂದೂ, ಅದರಲ್ಲಿ ಸಾಮಾನ್ಯವಾಗಿ ಹತ್ತಿರದ ಬಂಧುವೊಬ್ಬರಾದರೂ ಭಾಗವಹಿಸಬೇಕೆಂದೂ ವಿಧಿಸಿ, ಅದೇ ಮನೆಯ ಪದ್ಧತಿಯನ್ನು ರೋಗಿಯ ಪರವಾಗಿ ಬಳಸಿಕೊಂಡಿತು. ಹಾಂಗ್‌ಕಾಂಗ್ ತನ್ನ ಕಾಯಿದೆಯನ್ನು 2024ರಲ್ಲಿ ಅಂಗೀಕರಿಸಿತು. ಮುಖ್ಯ ಭೂಭಾಗದಲ್ಲಿ ಮಕ್ಕಳಿಲ್ಲದವರೂ ಒಂಟಿಯಾಗಿರುವವರೂ ನಾಗರಿಕ ಸಂಹಿತೆಯ 33ನೆಯ ವಿಧಿಯಡಿ, ಮುಂದೆ ತಮ್ಮ ಪರವಾಗಿ ನಿಲ್ಲಬೇಕಾದ ಪಾಲಕರನ್ನು ಲಿಖಿತ ಒಪ್ಪಂದದ ಮೂಲಕ ತಾವೇ ನೇಮಿಸಿಕೊಳ್ಳಬಹುದು; ರಕ್ತಸಂಬಂಧವಿಲ್ಲದವರನ್ನೂ ಹೀಗೆ ಆರಿಸಿಕೊಳ್ಳಲು ಅವಕಾಶವಿದೆ.