ಟೋಪಿ, ನಾಮ, ಗುಳುಂ: ದುಡ್ಡಿನ ಸುತ್ತ ಹುಟ್ಟಿದ ಮಾತುಗಳ ಚರಿತ್ರೆ



ಬೆಳ್ಳಿಹಬ್ಬದ ಸಂಚಿಕೆ ಎಂದ ಮೇಲೆ ಷೇರು, ಠೇವಣಿ, ಸಾಲ ವಸೂಲಾತಿಗಳ ಅಂಕಿ-ಅಂಶ ಇದ್ದೇ ಇರುತ್ತದೆ. ಆದರೆ ಲೆಕ್ಕದ ಪುಸ್ತಕಕ್ಕೆ ಸೇರದ ಇನ್ನೊಂದು ಆಸ್ತಿಯೂ ನಮ್ಮಲ್ಲಿದೆ. ದುಡ್ಡಿನ ವ್ಯವಹಾರದ ಸುತ್ತ ಜನ ತಾವೇ ಕಟ್ಟಿಕೊಂಡ ತಮಾಷೆಯ ಮಾತುಗಳು ಅವು. ಯಾವ ಪಂಡಿತರೂ ಮಾಡಿಕೊಟ್ಟದ್ದಲ್ಲ. ಅರಳಿಕಟ್ಟೆ, ಟೀ ಅಂಗಡಿ, ಆಟೋ ಸ್ಟ್ಯಾಂಡುಗಳಲ್ಲಿ ಬೆಳೆದದ್ದು.

ಮೊದಲು ಹಳೆಯ ನಾಣ್ಯದ ಮಾತು. 1957ರ ಏಪ್ರಿಲ್ 1ರಂದು ದಶಮಾಂಶ ಪದ್ಧತಿ ಬರುವ ತನಕ ರೂಪಾಯಿಗೆ ಹದಿನಾರಾಣೆ. ಆದ್ದರಿಂದಲೇ ಪೂರ್ತಿ ನಿಜವಾದದ್ದು ‘ಹದಿನಾರಾಣೆ ನಿಜ’. ನಾಲ್ಕಾಣೆ ಎನ್ನುತ್ತಿದ್ದ 25 ಪೈಸೆಯೂ 2011ರ ಜೂನ್ 30ರಿಂದ ಚಲಾವಣೆಯಿಂದ ಹೋಯಿತು. ನಾಣ್ಯ ಹೋದರೂ ಮಾತು ಸವೆದಿಲ್ಲ.

ನಮ್ಮ ಹೆಗ್ಗನಹಳ್ಳಿಯ ಮಗ್ಗುಲಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶ ಬೆಳೆದಂತೆ ಬೇರೆ ಬೇರೆ ಜಿಲ್ಲೆಗಳಿಂದ, ಹೊರರಾಜ್ಯಗಳಿಂದ ಜನ ಬಂದು ನೆಲೆಸಿದರು. ಸುಗ್ಗಿಯ ಲೆಕ್ಕ ಹೋಗಿ ಸಂಬಳದ ದಿನ, ಅಡ್ವಾನ್ಸು, ಚೀಟಿಗಳ ಲೆಕ್ಕ ಬಂತು. ಕೆಲಸ ಹೋದವನಿಗೆ ‘ಗೇಟ್ ಪಾಸ್ ಸಿಕ್ತು’ ಎನ್ನುವ ಮಾತು ಫ್ಯಾಕ್ಟರಿ ಬಾಗಿಲಿನದು. ‘ಮೀಟರ್ ಬಡ್ಡಿ’ ಆಟೋದಿಂದ ಇಳಿದು ಬಂದದ್ದು: ಗಾಡಿ ನಿಂತರೂ ಮೀಟರು ನಿಲ್ಲೋದಿಲ್ಲ! ಕೇಳಲು ತಮಾಷೆ, ಕಟ್ಟುವವನಿಗೆ ಪ್ರಾಣಸಂಕಟ. ದುಬಾರಿ ಬಡ್ಡಿ ವಸೂಲಿಯನ್ನು ನಿಷೇಧಿಸಲು ನಮ್ಮ ರಾಜ್ಯ 2004ರಲ್ಲಿ ಒಂದು ಕಾಯ್ದೆಯನ್ನೇ ತರಬೇಕಾಯಿತು.

ಇನ್ನು ಮೋಸದ ಮಾತುಗಳು. ಹೋಮದಲ್ಲಿ ಆಹುತಿ ಕೊಡುವಾಗ ಹೇಳುವ ‘ಸ್ವಾಹಾ’ ಊರಿನ ಬಾಯಲ್ಲಿ ಹಣ ನುಂಗುವ ಕೆಲಸವಾಯಿತು; ಬೆಂಕಿಗೆ ಹೋದ ತುಪ್ಪ ವಾಪಸ್ಸು ಬರುವುದುಂಟೆ? ನುಂಗುವ ಸದ್ದೇ ‘ಗುಳುಂ’ ಆಯಿತು. ತಿದ್ದಿದ ಲೆಕ್ಕ ‘ಕೃಷ್ಣನ ಲೆಕ್ಕ’. ‘ಫೋರ್ ಟ್ವೆಂಟಿ’ಯಂತೂ 1860ರ ಭಾರತೀಯ ದಂಡ ಸಂಹಿತೆಯಲ್ಲಿ ವಂಚನೆಗೆ ಶಿಕ್ಷೆ ಹೇಳಿದ 420ನೇ ಕಲಮು. 1955ರಲ್ಲಿ ರಾಜ್ ಕಪೂರ್ ಅವರ ಸಿನಿಮಾಕ್ಕೂ ಅದೇ ಹೆಸರಾಯಿತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದು ವಂಚನೆಯ ಕಲಮು 318 ಆಗಿದೆ. ಆದರೆ ‘ಅವನೊಬ್ಬ ತ್ರೀ ಎಯ್ಟೀನ್’ ಅಂದರೆ ಬಸ್ಸಿನ ನಂಬರು ಅಂದುಕೊಂಡಾರು!

ಈ ಮಾತುಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ನಮಗೆ ಒಂದು ಸಂಗತಿ ಕಾಣಿಸಿತು. ಟೋಪಿ ಬಿತ್ತು, ನಾಮ ಹಾಕಿಸಿಕೊಂಡ, ಕಿವಿ ಮೇಲೆ ಹೂ ಇಡಿಸಿಕೊಂಡ—ಇವೆಲ್ಲ ನಗುವುದು ಮೋಸ ಮಾಡಿದವನನ್ನಲ್ಲ, ಮೋಸ ಹೋದವನನ್ನು. ಟೋಪಿ ಇರುವುದು ಅವನ ತಲೆ ಮೇಲೆ, ನಾಮ ಇರುವುದು ಅವನ ಹಣೆ ಮೇಲೆ. ಅದಕ್ಕೇ ಚೀಟಿಯಲ್ಲಿ ಹಣ ಕಳೆದುಕೊಂಡವರು, ಜಾಮೀನು ಹಾಕಿ ಸಿಕ್ಕಿಕೊಂಡವರು ‘ನಾಲ್ಕು ಜನ ನಕ್ಕಾರು’ ಎಂದು ಬಾಯಿ ಬಿಡುವುದಿಲ್ಲ. ಹೆಂಡತಿ ಮಕ್ಕಳಿಗೂ ಹೇಳದೆ ಒಳಗೊಳಗೇ ಕಟ್ಟುತ್ತಾರೆ. ಮೋಸಗಾರ ಮುಂದಿನ ಬೀದಿಯಲ್ಲಿ ಹೊಸ ಟೋಪಿ ಹೊಲಿಯುತ್ತಿರುತ್ತಾನೆ.

ಸಹಕಾರ ಚಳವಳಿ ಇದಕ್ಕೆ ತದ್ವಿರುದ್ಧವಾದ ನಂಬಿಕೆಯ ಮೇಲೆ ನಿಂತದ್ದು. 1904ರಲ್ಲಿ ಸಹಕಾರಿ ಸಾಲ ಸಂಘಗಳ ಕಾಯ್ದೆ ಬಂತು. ಮರುವರ್ಷವೇ, 1905ರಲ್ಲಿ, ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದರು. ಆ ಕಾಯ್ದೆಯಲ್ಲಿ ಹಳ್ಳಿಯ ಸಂಘಗಳಿಗೆ ಅಪರಿಮಿತ ಹೊಣೆಗಾರಿಕೆಯೇ ನಿಯಮ. ಸಂಘದ ಸಾಲಕ್ಕೆ ಸದಸ್ಯರೆಲ್ಲರೂ ಹೊಣೆ. ಅಂದರೆ ಒಬ್ಬ ಹಾಕಿದ ಟೋಪಿ ಎಲ್ಲರ ತಲೆಗೂ ಬರುತ್ತಿತ್ತು! ಹಾಗಾಗಿ ಸಾಲ ತೆಗೆದುಕೊಂಡವನು ಏನು ಮಾಡುತ್ತಾನೆಂದು ನೋಡುವುದು ಎಲ್ಲರ ಕೆಲಸವಾಯಿತು. ಗುಟ್ಟಿನ ವ್ಯವಹಾರಕ್ಕೆ ಅಲ್ಲಿ ಜಾಗವಿರಲಿಲ್ಲ.

ಆದ್ದರಿಂದ ಸದಸ್ಯ ಬಂಧುಗಳಲ್ಲಿ ನಮ್ಮ ಅರಿಕೆ ಇಷ್ಟೆ. ಈ ಮಾತುಗಳು ನಮ್ಮವು, ಬಿಡುವುದು ಬೇಡ, ನಗೋಣ. ಆದರೆ ಕೈ ಸುಟ್ಟುಕೊಂಡವರು ಎದುರಿಗೆ ಬಂದಾಗ ‘ಏನಪ್ಪಾ, ಟೋಪಿ ಬಿತ್ತಾ’ ಅನ್ನುವ ಬದಲು ‘ಕೂತ್ಕೊ, ಯಾರು, ಎಷ್ಟು, ಪತ್ರ ಇದೆಯಾ’ ಎಂದು ಕೇಳೋಣ. ಜಾಮೀನು ಸಹಿ ಹಾಕುವ ಮುನ್ನ ಓದೋಣ. ಸರ್ವಸದಸ್ಯರ ಸಭೆಯಲ್ಲಿ ಊಟದ ಕೂಪನ್ ಕೇಳುವಷ್ಟೇ ಜೋರಾಗಿ ಲೆಕ್ಕವನ್ನೂ ಕೇಳೋಣ. ನಮ್ಮ ಸಂಘದ ಲೆಕ್ಕ ಎಂದೆಂದಿಗೂ ಹದಿನಾರಾಣೆ ಇರಲಿ ಎಂದು ಹಾರೈಸುತ್ತೇವೆ.