ತೀರ್ಪು ಕೊಡದ ಮಧ್ಯಸ್ಥಗಾರ

ಕಅಬಾದ ಪುನರ್ನಿರ್ಮಾಣದ ವೇಳೆ ಹಜರುಲ್ ಅಸ್ವದ್ ಶಿಲೆಯನ್ನು ಅದರ ಸ್ಥಾನದಲ್ಲಿಡುವ ಗೌರವ ಯಾರಿಗೆಂದು ಕುರೈಶ್ ಗೋತ್ರಗಳೊಳಗೆ ಜಗಳ ಹುಟ್ಟಿತು. ರಕ್ತ ಹರಿಯುವ ಭಯವಿತ್ತು. ಮುಹಮ್ಮದ್(ಸ)ರಿಗೆ ಆಗ ಸುಮಾರು 35 ವರ್ಷ. ಪ್ರವಾದಿತ್ವ ಇನ್ನೂ ಬಂದಿರಲಿಲ್ಲ. ಅವರು ಶಿಲೆಯನ್ನು ಬಟ್ಟೆಯ ಮೇಲಿರಿಸಿ, ಗೋತ್ರಗಳ ಮುಖಂಡರೆಲ್ಲರೂ ಅದರ ಅಂಚು ಹಿಡಿದೆತ್ತುವಂತೆ ಹೇಳಿದರು. ಬಳಿಕ ತಾವೇ ಅದನ್ನು ಸ್ಥಾನದಲ್ಲಿಟ್ಟರು. ಯಾರೂ ಸೋಲಲಿಲ್ಲ.

ದಂಪತಿಗಳ ನಡುವೆ ಬಿರುಕು ಬಂದರೆ ಎರಡೂ ಕುಟುಂಬಗಳಿಂದ ಒಬ್ಬೊಬ್ಬರನ್ನು ನೇಮಿಸುವಂತೆ ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯ ಆದೇಶಿಸುತ್ತದೆ. ಹೀಗೆ ಸಂಧಾನ ನಮಗೆ ಹೊಸತಲ್ಲ. ಆದರೆ ನಮ್ಮ ದೇಶದ ಸಿವಿಲ್ ನ್ಯಾಯಾಲಯಗಳಲ್ಲಿ ಅದು ಕ್ರಮಬದ್ಧ ಸೇವೆಯಾದದ್ದು ಇತ್ತೀಚೆಗೆ. 1999ರ ತಿದ್ದುಪಡಿಯಿಂದ ಸಿವಿಲ್ ಪ್ರಕ್ರಿಯಾ ಸಂಹಿತೆಗೆ ಸೇರಿದ 89ನೇ ಕಲಂ 2002ರಲ್ಲಿ ಜಾರಿಗೆ ಬಂತು. 2007ರಲ್ಲಿ ಕರ್ನಾಟಕ ಹೈಕೋರ್ಟಿನ ಆಶ್ರಯದಲ್ಲಿ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ ಕೆಲಸ ಆರಂಭಿಸಿತು. 2010ರಲ್ಲಿ ಸುಪ್ರೀಂ ಕೋರ್ಟ್, ಯಾವ ಬಗೆಯ ವ್ಯಾಜ್ಯಗಳನ್ನು ಸಂಧಾನಕ್ಕೆ ಕಳುಹಿಸಬಹುದೆಂದು ವಿವರಿಸಿತು. 2023ರಲ್ಲಿ ಸಂಸತ್ತು ಪ್ರತ್ಯೇಕ ಮಧ್ಯಸ್ಥಿಕೆ ಕಾಯ್ದೆಯನ್ನೇ ಮಾಡಿತು.

ಇಲ್ಲಿ ತರಬೇತಿ ಪಡೆದ ಮಧ್ಯಸ್ಥಗಾರ ಮೊದಲು ಇಬ್ಬರನ್ನೂ ಒಟ್ಟಿಗೆ ಕೂರಿಸಿ ಕೇಳುತ್ತಾನೆ, ನಂತರ ಒಬ್ಬೊಬ್ಬರನ್ನೇ ಕರೆದು ಮಾತಾಡುತ್ತಾನೆ. ಹಾಗೆ ಗುಟ್ಟಾಗಿ ಹೇಳಿದ್ದನ್ನು ಅನುಮತಿಯಿಲ್ಲದೆ ಎದುರಿನವರಿಗೆ ತಿಳಿಸುವಂತಿಲ್ಲ. ಅವನು ತೀರ್ಪು ಕೊಡುವುದಿಲ್ಲ. ಒಪ್ಪುವುದೂ ಬಿಡುವುದೂ ಕಕ್ಷಿದಾರರಿಗೇ ಬಿಟ್ಟದ್ದು. ಒಪ್ಪಿದರೆ ಬರವಣಿಗೆಗಿಳಿಸಿ ಸಹಿ ಹಾಕುತ್ತಾರೆ, ನ್ಯಾಯಾಲಯ ಅದರಂತೆ ಡಿಕ್ರಿ ಮಾಡುತ್ತದೆ. ಒಪ್ಪದಿದ್ದರೆ ಮೊಕದ್ದಮೆ ನ್ಯಾಯಾಧೀಶರ ಬಳಿಗೆ ಮರಳುತ್ತದೆ. ಸಂಧಾನದಲ್ಲಿ ಆಡಿದ ಮಾತು ಅಲ್ಲಿ ಸಾಕ್ಷ್ಯವಾಗುವುದಿಲ್ಲ.

ಸಹೋದರರೇ, ಸಹೋದರಿಯರೇ, ತಂದೆ ಬಿಟ್ಟುಹೋದ ಮನೆಗಾಗಿ ಒಡಹುಟ್ಟಿದವರು ವರ್ಷಗಟ್ಟಲೆ ಕೋರ್ಟು ಅಲೆಯುವುದನ್ನು ನಾವು ಕಾಣುತ್ತೇವೆ. ತೀರ್ಪು ಬರುವಷ್ಟರಲ್ಲಿ ಈದ್ ದಿನದ ಸಲಾಮ್ ಕೂಡ ನಿಂತಿರುತ್ತದೆ. ಅಂಥವರು ಸಂಧಾನಕ್ಕೆ ಕಳುಹಿಸುವಂತೆ ನ್ಯಾಯಾಧೀಶರನ್ನೇ ಕೋರಬಹುದು. ನಮ್ಮ ಜಮಾಅತ್‌ಗಳ ಹಿರಿಯರೂ ಈ ಕ್ರಮದಿಂದ ಕಲಿಯುವುದಿದೆ: ಮೊದಲು ಇಬ್ಬರ ಮಾತನ್ನೂ ಪೂರ್ತಿ ಕೇಳಬೇಕು, ಕೇಳಿದ್ದನ್ನು ಹೊರಗೆ ಆಡಬಾರದು, ಬಲವಂತ ಮಾಡಬಾರದು. ಹರಾಮನ್ನು ಹಲಾಲ್ ಮಾಡುವ ರಾಜಿಗೆ ಇಸ್ಲಾಮಿನಲ್ಲಿ ಸ್ಥಾನವಿಲ್ಲ. ಮನೆತನದ ಮರ್ಯಾದೆಯ ಹೆಸರಿನಲ್ಲಿ ಸಹೋದರಿಯ ಪಾಲನ್ನು ಬಿಡಿಸಿಕೊಂಡರೆ ಅದು ಸಂಧಾನವಲ್ಲ, ಅನ್ಯಾಯ.