ಸರ್ಪಗಂಧ: ಒಂದು ಬೇರಿನ ಚರಿತ್ರೆ



ಔಷಧಿ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಮಾತ್ರೆ, ಸೀಸೆ, ಸೂಜಿ. ಆದರೆ 1950ರ ದಶಕದಲ್ಲಿ ಜಗತ್ತಿನ ದೊಡ್ಡ ದೊಡ್ಡ ಆಸ್ಪತ್ರೆಗಳು ರಕ್ತದೊತ್ತಡಕ್ಕೂ ಮನೋರೋಗಕ್ಕೂ ಬಳಸಿದ ಒಂದು ಮಾತ್ರೆಯ ಮೂಲ ನಮ್ಮ ಕಾಡುಗಳಲ್ಲಿ ಬೆಳೆಯುವ ಪುಟ್ಟ ಗಿಡವೊಂದರ ಬೇರು ಎಂಬುದು ನಿಮಗೆ ಗೊತ್ತೆ? ಆ ಗಿಡದ ಹೆಸರು ಸರ್ಪಗಂಧ. ಕನ್ನಡದಲ್ಲಿ ಅದನ್ನು ಸೂತ್ರನಾಭಿ ಎಂದೂ ಕರೆಯುತ್ತಾರೆ. "ಈ ಬೇರು ಒಳ್ಳೆಯದು" ಎಂಬ ಮಾತಿನಿಂದ "ಇಂಥ ಕಾಯಿಲೆಗೆ, ಇಷ್ಟೇ ಪ್ರಮಾಣದಲ್ಲಿ, ಇಂಥ ಎಚ್ಚರಿಕೆಯೊಂದಿಗೆ" ಎಂಬ ಮಾತಿಗೆ ಬರಲು ಎಷ್ಟು ಜನ ದುಡಿಯಬೇಕಾಯಿತು ಎಂಬುದನ್ನು ಈ ಗಿಡದ ಚರಿತ್ರೆಯಿಂದ ತಿಳಿಯಬಹುದು.

ಗಿಡ ಮತ್ತು ಅದರ ಹೆಸರು

ಸರ್ಪಗಂಧ ನಮ್ಮ ಅಂಗಳದ ಕಣಗಿಲೆ ಮತ್ತು ನಿತ್ಯಪುಷ್ಪಗಳ ಕುಟುಂಬಕ್ಕೇ ಸೇರಿದ್ದು. ಒಂದೆರಡು ಅಡಿ ಎತ್ತರ, ಗಂಟಿಗೆ ಸಾಮಾನ್ಯವಾಗಿ ಮೂರು ಎಲೆ, ಕೆಂಪು ತೊಟ್ಟಿನ ಮೇಲೆ ಬಿಳಿ ಹೂಗೊಂಚಲು, ಮಾಗಿದಾಗ ಕಪ್ಪಾಗುವ ಹಣ್ಣು. ಹಿಮಾಲಯದ ತಪ್ಪಲಿನಿಂದ ನಮ್ಮ ಪಶ್ಚಿಮ ಘಟ್ಟಗಳವರೆಗೆ ಇದು ಬೆಳೆಯುತ್ತದೆ. ಔಷಧಿಗೆ ಬೇಕಾದದ್ದು ಇದರ ಬೇರು. ಅದು ಬಲು ಕಹಿ.

ಹಳೆಯ ಆಯುರ್ವೇದ ಗ್ರಂಥಗಳಲ್ಲಿ ವಿಷಚಿಕಿತ್ಸೆಯ ಸಂದರ್ಭದಲ್ಲಿ ಸರ್ಪಗಂಧದ ಹೆಸರು ಬರುತ್ತದೆ. ಆದರೆ ಒಂದೇ ಹೆಸರನ್ನು ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಗಿಡಗಳಿಗೆ ಬಳಸಿರುವುದು ಉಂಟು. ಹೆಸರು ಸಿಕ್ಕಿದ ಮಾತ್ರಕ್ಕೆ ಗಿಡ ಸಿಕ್ಕಿತೆಂದು ಚರಿತ್ರೆಯ ವಿದ್ಯಾರ್ಥಿ ಹೇಳಬಾರದು. ಗೋವೆಯಲ್ಲಿ ನೆಲೆಸಿದ್ದ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ಟಾ 1563ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಹಾವಿನ ವಿಷಕ್ಕೆ ಬಳಸುತ್ತಿದ್ದ ಬೇರುಗಳ ವರ್ಣನೆ ಇದೆ. ಜನರ ಬಳಕೆ ಇಷ್ಟಕ್ಕೇ ನಿಂತಿರಲಿಲ್ಲ. ನಿದ್ರೆ ಬಾರದವರಿಗೆ, ಉನ್ಮಾದದಿಂದ ಕೆರಳಿದವರಿಗೆ ಈ ಬೇರನ್ನು ಕೊಡುವ ವಾಡಿಕೆ ಬಿಹಾರದ ಕಡೆ ಬಲವಾಗಿತ್ತು. ಅಲ್ಲಿ ಇದಕ್ಕೆ "ಹುಚ್ಚಿನ ಮದ್ದು" ಎಂಬ ಅರ್ಥದ ಹೆಸರೇ ಇತ್ತು.

ಇದರ ಶಾಸ್ತ್ರೀಯ ನಾಮ ರಾವೋಲ್ಫಿಯಾ ಸರ್ಪೆಂಟಿನಾ. ಫ್ರೆಂಚ್ ಸಸ್ಯವಿಜ್ಞಾನಿ ಪ್ಲೂಮಿಯೆ 1703ರಲ್ಲಿ ಜರ್ಮನಿಯ ಆಗ್ಸ್‌ಬರ್ಗಿನ ವೈದ್ಯ ಲಿಯೋನಾರ್ಡ್ ರಾವೋಲ್ಫನ ಗೌರವಾರ್ಥ ಈ ಕುಲಕ್ಕೆ ಹೆಸರಿಟ್ಟನು. ರಾವೋಲ್ಫನು 1573ರಲ್ಲಿ ಮೂಲಿಕೆಗಳನ್ನು ಹುಡುಕುತ್ತ ಪ್ರವಾಸ ಹೊರಟವನು. ಸಿರಿಯಾ, ಬಾಗ್ದಾದುಗಳವರೆಗೆ ಹೋದನಾದರೂ ಭಾರತಕ್ಕೆ ಬರಲೇ ಇಲ್ಲ.

ದೆಹಲಿ, ಕಲ್ಕತ್ತ, ಮುಂಬಯಿ

ಹಕೀಮ್ ಅಜ್ಮಲ್ ಖಾನರು ದೆಹಲಿಯಲ್ಲಿ ಆಯುರ್ವೇದ ಮತ್ತು ಯುನಾನಿ ಕಾಲೇಜನ್ನು ಕಟ್ಟಿದವರು. ದೇಶೀ ಮದ್ದುಗಳನ್ನು ರಸಾಯನಶಾಸ್ತ್ರದ ಒರೆಗೆ ಹಚ್ಚಬೇಕೆಂಬುದು ಅವರ ಆಸೆಯಾಗಿತ್ತು. ಅದಕ್ಕಾಗಿ ಜರ್ಮನಿಯಲ್ಲಿ ಓದಿ ಬಂದ ಸಲೀಮುಜ್ಜಮಾನ್ ಸಿದ್ದೀಕಿಯವರನ್ನು ಸಂಶೋಧನೆಗೆ ಕರೆದರು. ಹಕೀಮರು 1927ರಲ್ಲಿ ತೀರಿಕೊಂಡರು. 1931ರಲ್ಲಿ ಸಿದ್ದೀಕಿಯವರು ರಫತ್ ಹುಸೇನ್ ಸಿದ್ದೀಕಿಯವರೊಡನೆ ಸರ್ಪಗಂಧದ ಬೇರಿನಿಂದ ಐದು ಆಲ್ಕಲಾಯ್ಡುಗಳನ್ನು ಬೇರ್ಪಡಿಸಿದರು. ಒಂದಕ್ಕೆ ಹಕೀಮರ ನೆನಪಿನಲ್ಲಿ ಅಜ್ಮಲಿನ್ ಎಂದು ಹೆಸರಿಟ್ಟರು. ಬ್ರುಗಾಡ ಎಂಬ ಹೃದಯದ ಲಯದೋಷವನ್ನು ಪತ್ತೆಹಚ್ಚಲು ವೈದ್ಯರು ಇಂದಿಗೂ ಅಜ್ಮಲಿನ್ ಬಳಸುತ್ತಾರೆ.

ಅದೇ 1931ರಲ್ಲಿ ಕಲ್ಕತ್ತದ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ಅವರು ಈ ಬೇರು ಮನೋರೋಗಿಗಳ ಉದ್ರೇಕವನ್ನು ತಣಿಸುತ್ತದೆ, ರಕ್ತದೊತ್ತಡವನ್ನೂ ಇಳಿಸುತ್ತದೆ ಎಂದು ಪ್ರಕಟಿಸಿದರು. 1949ರಲ್ಲಿ ಮುಂಬಯಿಯ ಹೃದಯತಜ್ಞ ರುಸ್ತುಂ ಜಾಲ್ ವಕೀಲರು 50 ರೋಗಿಗಳ ಮೇಲೆ ನಡೆಸಿದ ಪರೀಕ್ಷೆಯ ವಿವರಗಳನ್ನು ಇಂಗ್ಲೆಂಡಿನ ಹೃದ್ರೋಗ ಪತ್ರಿಕೆಯಲ್ಲಿ ಬರೆದರು. ಮದ್ದಿಗೆ ಮೊದಲು ಒತ್ತಡ ಎಷ್ಟಿತ್ತು, ವಾರಗಳ ನಂತರ ಎಷ್ಟಾಯಿತು ಎಂಬ ಅಂಕಿಗಳು ಅದರಲ್ಲಿದ್ದವು. ಪಶ್ಚಿಮದ ವೈದ್ಯರು ಸರ್ಪಗಂಧದ ಕಡೆ ತಿರುಗಿ ನೋಡಿದ್ದು ಈ ಲೇಖನದಿಂದ. 1957ರಲ್ಲಿ ವಕೀಲರಿಗೆ ಅಮೆರಿಕದ ಲಾಸ್ಕರ್ ಪ್ರಶಸ್ತಿ ಬಂದಿತು.

ಬೇರಿನಿಂದ ಮಾತ್ರೆಗೆ

1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ವಿಜ್ಞಾನಿಗಳು ಬೇರಿನ ಮುಖ್ಯ ಸತ್ವವಾದ ರಿಸರ್ಪಿನ್ ಅನ್ನು ಬೇರ್ಪಡಿಸಿದರು. ಒಂದು ಕಿಲೋ ಒಣ ಬೇರಿನಲ್ಲಿ ಅದು ಇರುವುದು ಒಂದೆರಡು ಗ್ರಾಂ ಮಾತ್ರ. ರಕ್ತದೊತ್ತಡಕ್ಕೆ ದಿನಕ್ಕೆ ಕಾಲು ಮಿಲಿಗ್ರಾಮಿನಷ್ಟೇ ಸಾಕು. ಇಷ್ಟು ಸೂಕ್ಷ್ಮವಾದುದನ್ನು ಚಿಟಿಕೆಯಿಂದ ಅಳೆಯಲಾದೀತೆ? ಒಂದು ಗಿಡದ ಬೇರಿನಲ್ಲಿರುವ ಸತ್ವ ಇನ್ನೊಂದರಲ್ಲಿ ಅಷ್ಟೇ ಇರುವುದಿಲ್ಲ. ಮಾತ್ರೆಯಿಂದ ದೊರೆತ ದೊಡ್ಡ ಲಾಭವೆಂದರೆ ಈ ಅಳತೆ. 1956ರಲ್ಲಿ ಅಮೆರಿಕದ ರಾಬರ್ಟ್ ವುಡ್‌ವರ್ಡ್ ಅವರು ಗಿಡದ ಹಂಗಿಲ್ಲದೆ ರಿಸರ್ಪಿನ್ ಅಣುವನ್ನು ಪ್ರಯೋಗಶಾಲೆಯಲ್ಲಿಯೇ ಕಟ್ಟಿ ತೋರಿಸಿದರು.

ಈ ಅಣು ಮಾಡುವುದೇನು? ನಮ್ಮ ನರಗಳ ತುದಿಯಲ್ಲಿ ಸುದ್ದಿ ಒಯ್ಯುವ ರಾಸಾಯನಿಕಗಳು ಕಣಜದಲ್ಲಿ ಕಾಳು ತುಂಬಿಟ್ಟಂತೆ ಶೇಖರವಾಗಿರುತ್ತವೆ. ರಿಸರ್ಪಿನ್ ಆ ಕಣಜ ಮತ್ತೆ ತುಂಬದಂತೆ ತಡೆಯುತ್ತದೆ. ಸುದ್ದಿ ಕ್ಷೀಣಿಸಿದಾಗ ರಕ್ತನಾಳಗಳ ಬಿಗಿ ಸಡಿಲಗೊಂಡು ಒತ್ತಡ ಇಳಿಯುತ್ತದೆ. ಮನಸ್ಸಿನ ಉದ್ರೇಕವೂ ತಗ್ಗುತ್ತದೆ.

ಗುಣದ ಜೊತೆಗೆ ದೋಷ

ಕಣಜ ಬರಿದಾದರೆ ಕೇಡೂ ಉಂಟು. ಮದ್ದು ತೆಗೆದುಕೊಂಡವರಲ್ಲಿ ಕೆಲವರಿಗೆ ಮೂಗು ಕಟ್ಟುವುದು, ನಾಡಿ ನಿಧಾನವಾಗುವುದು, ಜಡತ್ವ ಕಾಣಿಸಿತು. ಕೆಲವರು ತೀವ್ರ ಖಿನ್ನತೆಗೆ ಇಳಿದರೆಂಬ ವರದಿಗಳೂ ಬಂದವು. ಈ ನಂಟು ಎಷ್ಟು ಬಲವಾದದ್ದು ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಉತ್ತಮ ಔಷಧಿಗಳು ಬಂದ ಮೇಲೆ ರಿಸರ್ಪಿನ್ ಬಳಕೆ ಕುಗ್ಗಿತು.

ಆದರೆ ಆ ದೋಷವೇ ಹೊಸ ಅರಿವಿಗೆ ದಾರಿಯಾಯಿತು. ರಿಸರ್ಪಿನ್ ಕೊಟ್ಟ ಮೊಲಗಳು ಮಿಸುಕದೆ ಬಿದ್ದಿರುತ್ತಿದ್ದವು. 1957ರಲ್ಲಿ ಸ್ವೀಡನ್ನಿನ ಅರ್ವಿಡ್ ಕಾರ್ಲ್‌ಸನ್ ಅವಕ್ಕೆ ಎಲ್-ಡೋಪಾ ಎಂಬ ವಸ್ತುವನ್ನು ಕೊಟ್ಟಾಗ ಅವು ಎದ್ದು ಓಡಾಡಿದವು. ಚಲನೆಗೆ ಮೆದುಳಿನಲ್ಲಿ ಡೋಪಮೀನ್ ಬೇಕೆಂಬುದು ಹೀಗೆ ತಿಳಿದುಬಂದಿತು. ಕೈಕಾಲು ನಡುಗುವ ಪಾರ್ಕಿನ್ಸನ್ ರೋಗಿಗಳಿಗೆ ಇಂದು ಎಲ್-ಡೋಪಾ ಕೊಡುವುದರ ಹಿಂದೆ ಈ ಪ್ರಯೋಗವಿದೆ. 2000ದಲ್ಲಿ ಕಾರ್ಲ್‌ಸನ್ನರಿಗೆ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು.

ಗಿಡಕ್ಕೆ ಬಂದ ಸಂಕಟ

ಎಲೆ ಕೊಯ್ದರೆ ಗಿಡ ಉಳಿಯುತ್ತದೆ, ಬೇರನ್ನೇ ಅಗೆದರೆ? ಬೇಡಿಕೆ ಏರಿದಂತೆ ಕಾಡಿನ ಸರ್ಪಗಂಧ ಕಡಿಮೆಯಾಯಿತು. ಅಳಿವಿನ ಭಯವಿರುವ ಜೀವಿಗಳ ವ್ಯಾಪಾರಕ್ಕೆ ಸಂಬಂಧಿಸಿದ ಅಂತರರಾಷ್ಟ್ರೀಯ ಒಪ್ಪಂದದ ಎರಡನೆಯ ಪಟ್ಟಿಗೆ 1990ರಲ್ಲಿ ಇದನ್ನು ಸೇರಿಸಲಾಯಿತು. ಹೊಲದಲ್ಲಿ ಬೆಳೆದರೂ ಬೇರು ಕೀಳಲು ಒಂದೂವರೆ ವರ್ಷದಿಂದ ಮೂರು ವರ್ಷ ಕಾಯಬೇಕು.

ಮಿತ್ರರೇ, "ನಮ್ಮ ಹಿರಿಯರಿಗೆ ಎಲ್ಲವೂ ಗೊತ್ತಿತ್ತು" ಎನ್ನುವವರೂ "ಹಳ್ಳಿಯ ಮದ್ದೆಲ್ಲ ಮೂಢನಂಬಿಕೆ" ಎನ್ನುವವರೂ ನಿಮಗೆ ಸಿಗುತ್ತಾರೆ. ಇಬ್ಬರಿಗೂ ಸರ್ಪಗಂಧದ ಕಥೆ ಹೇಳಿ. ಬೇರು ಮನಸ್ಸನ್ನು ತಣಿಸುತ್ತದೆಂಬ ಜನರ ಅನುಭವ ಪರೀಕ್ಷೆಯಲ್ಲಿ ಗೆದ್ದಿತು. ಹಾವಿನ ವಿಷ ಇಳಿಸುತ್ತದೆಂಬ ನಂಬಿಕೆಗೆ ಅಂಥ ಪುರಾವೆ ದೊರೆಯಲಿಲ್ಲ. ಹಾವು ಕಚ್ಚಿದವರನ್ನು ತಡಮಾಡದೆ ವಿಷನಿರೋಧಕ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಒಯ್ಯಬೇಕು. ರಕ್ತದೊತ್ತಡ ಇರುವವರು ಮನೆಯಲ್ಲಿದ್ದರೆ, ಯಾರದೋ ಮಾತು ಕೇಳಿ ಅವರು ವೈದ್ಯರ ಮಾತ್ರೆ ಬಿಟ್ಟು ಬೇರಿನ ಪುಡಿ ಸೇವಿಸದಂತೆ ನೀವೇ ತಿಳಿಹೇಳಿ. ಮುಂದಿನ ಬಾರಿ ಔಷಧೀಯ ಸಸ್ಯಗಳ ತೋಟಕ್ಕೆ ಹೋದಾಗ, ಕೆಂಪು ತೊಟ್ಟಿನ ಮೇಲೆ ಬಿಳಿ ಹೂವಿರುವ ಗಿಡವನ್ನು ನಿಮ್ಮ ಅಧ್ಯಾಪಕರೊಡನೆ ಗುರುತಿಸಿ, ಚಿತ್ರ ಬರೆದುಕೊಳ್ಳಿ. ಬೇರು ಮಾತ್ರ ಮಣ್ಣಿನಲ್ಲೇ ಇರಲಿ.